ಯಾರ ಮನೆಯದೂ ಅಲ್ಲದ ದನಿ

ಆ ಶನಿವಾರ ಬೆಳಿಗ್ಗೆ ಪಡುವಣ ಗಾಳಿ ಎದ್ದಿತ್ತು. ಹಾಗಾಗಿ ಜನ ಏಳುವ ಮೊದಲೇ ಊರಿನ ಅರ್ಧ ಬಾಗಿಲುಗಳು ತೆರೆದುಕೊಂಡಿದ್ದವು. ಮೋಡವಿಲ್ಲ, ಹನಿಯಿಲ್ಲ, ಬರೀ ಒಣ ಗಾಳಿ. ಕಟ್ಟೆಗಳ ಮೇಲಿಟ್ಟ ಗಡಿಗೆಗಳ ಬಾಯಿಯ ಮೇಲೆ ಹಾದು, ಒಂದನ್ನು ಊದಿ, ಎರಡನ್ನು ಬಿಟ್ಟು, ಮತ್ತೊಂದನ್ನು ಊದುತ್ತ ಅದು ಬೀದಿ ಸುತ್ತುತ್ತಿತ್ತು. ಹೂಂ ಎಂದಿತು ಒಂದು ಗಡಿಗೆ, ಆ ಮನೆಯ ಬಾಗಿಲು ತೆರೆಯಿತು. ಹೂಂ ಎಂದಿತು ಇನ್ನೊಂದು, ಅದರ ಮನೆಯದೂ ತೆರೆಯಿತು. ನಮ್ಮೂರಿನಲ್ಲಿ ಪ್ರತಿ ಬಾಗಿಲೂ ತನ್ನ ಮನೆಯ ಗಡಿಗೆಯ ದನಿಗೇ ತೆರೆಯುವುದು. ಹೆಂಗಸರು ನಿದ್ದೆಗಣ್ಣಿನಲ್ಲೇ ಬಂದು ಗಡಿಗೆಯ ಬಾಯಿಗೆ ಬಟ್ಟೆ ಕಟ್ಟಿ, ಬಾಗಿಲೆಳೆದುಕೊಂಡು ಒಳಗೆ ಹೋದರು. ಬೀದಿಯಲ್ಲಿದ್ದವರು ನೆಲ ನೋಡುತ್ತ ನಡೆದರು. ಮನೆಯವರು ಊದಿ ತೆರೆದ ಬಾಗಿಲಾದರೆ ನೋಡಬಹುದು, ಮಾತಾಡಿಸಬಹುದು. ಗಾಳಿಯೋ ಗುಡುಗೋ ತೆರೆದ ಬಾಗಿಲಿನೊಳಗೆ ಕಣ್ಣು ಹಾಯಿಸಬಾರದು. ಇದು ನಮ್ಮಲ್ಲಿ ಅಂಬೆಗಾಲಿಡುವ ಕೂಸಿಗೂ ಗೊತ್ತು.

ಗಾಳಿಯನ್ನು ಬೈಯುವ ಪುರಸೊತ್ತು ನನಗಿರಲಿಲ್ಲ. ಹಿತ್ತಿಲ ತಗಡಿನ ಶೆಡ್ಡಿನಲ್ಲಿ ಕೂತು ನಾನೇ ಮಾಡಿದ ಒಂದು ಪ್ಲೈವುಡ್ ಸ್ಪೀಕರ್ ಪೆಟ್ಟಿಗೆಯನ್ನು ಬೈಯುತ್ತಿದ್ದೆ. ಅದಕ್ಕಾಗಲೇ ಒಂದು ತೂತು ಹೆಚ್ಚಾಗಿತ್ತು. ಶುಕ್ರವಾರ ದಿನವೆಲ್ಲ ಕೂತು, ಅಳೆದು, ಶಿವನ ಹೆಸರು ಹೇಳಿ ಬೆನ್ನಿನ ಕಡೆ ಕೊರೆದಿದ್ದೆ. ಪೆಟ್ಟಿಗೆಯನ್ನು ಗೋಡೆಗೆ ತಾಗಿಸಿ ಇಟ್ಟ ಕೂಡಲೇ ಅದು ಉಸಿರು ಕಟ್ಟಿದವನ ಹಾಗೆ ಮೂಕವಾಯಿತು. ಬೆನ್ನಿಗೆ ಬಾಯಿ ಇಟ್ಟು ಗೋಡೆಗೆ ಒತ್ತಿದರೆ ಇನ್ನೇನಾಗುತ್ತದೆ? ಇದು ಕೊರೆಯುವ ಮೊದಲು ಹೊಳೆಯಬಾರದಿತ್ತೇ? ಆ ತೂತಿಗೆ ತೇಪೆ ಹೊಡೆದು ಈಗ ಮುಂದಿನ ಹಲಗೆಗೆ ಹೊಸದು ಕೊರೆದಿದ್ದೆ.

ನನ್ನ ಹೆಸರು ಅಡಿವೆಪ್ಪ. ಮೈಕ್‌ಸೆಟ್ಟು ಬಾಡಿಗೆಗೆ ಕೊಡುವುದು ನನ್ನ ಕಸುಬು. ನಮ್ಮೂರಿನ ಮೈಕ್‌ಸೆಟ್ಟು ಎಂದರೆ ತಗಡಿನ ಹಾರ್ನು ಮಾತ್ರ, ಕೀರಲು ದನಿ. ದಪ್ಪ ದನಿ ಹೊರಡಿಸುವ ಸಬ್‌ವೂಫರ್ ಪೆಟ್ಟಿಗೆಯನ್ನು ಊರೊಳಗೆ ಯಾರೂ ತರುವುದಿಲ್ಲ. ಮದುವೆಯ ಡೊಳ್ಳು ಊರಾಚೆಯ ಹುಣಸೆಮರದ ಬುಡದಲ್ಲೇ ನಿಲ್ಲುತ್ತದೆ. ಮಠದ ಭಜನೆಯಲ್ಲಿ ತಬಲಾದ ಜೊತೆಯ ಡಗ್ಗಾದ ಮೇಲೆ ಟವೆಲು ಹೊದಿಸಿ ಬಾರಿಸುತ್ತಾರೆ. ಮಂದ್ರದಲ್ಲಿ ಯಾವ ದನಿ ಎಬ್ಬಿಸಿದರೂ ಅದು ಯಾರದೋ ಮನೆಯ ಗಡಿಗೆಯ ದನಿಯೇ ಆಗಿರುತ್ತದೆ, ಯಾರದೋ ಬಾಗಿಲು ತೆರೆದುಕೊಳ್ಳುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ನಾನು ಆ ಪೆಟ್ಟಿಗೆಗೆ ಕೈಹಾಕಿದ್ದು ನಮ್ಮ ಮಾಳಕ್ಕನ ಸಲುವಾಗಿ. ಅವಳು ನನ್ನ ಹಿರಿಯಕ್ಕ. ಮಠದ ಸೋಮವಾರದ ಭಜನೆಗೆ ಮೂವತ್ತು ವರ್ಷ ತಾಳ ಹಿಡಿದವಳು. ಹಾಡುವವರು ತಪ್ಪಬಹುದು, ಹಾರ್ಮೋನಿಯಂ ಬಾರಿಸುವವನು ತೂಕಡಿಸಬಹುದು, ಮಾಳಕ್ಕನ ತಾಳ ತಪ್ಪುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಒಂದು ಜ್ವರ ಬಂದು ಅವಳ ಎರಡೂ ಕಿವಿಗಳನ್ನು ತೆಗೆದುಕೊಂಡು ಹೋಯಿತು. ಅಂದಿನಿಂದ ಅವಳಿಗೆ ಏನು ಹೇಳಬೇಕಾದರೂ ಪಾಟಿಯ ಮೇಲೆ ಬರೆಯಬೇಕು. ಮಠಕ್ಕೆ ಹೋಗುವುದನ್ನೂ ಬಿಟ್ಟಳು. ಆದರೆ ಈ ಬೇಸಿಗೆಯಲ್ಲಿ ಹಿಟ್ಟಿನ ಗಿರಣಿಯ ಗೋಡೆಗೆ ಒರಗಿ ನಿಂತಿದ್ದಾಗ ಅವಳ ಅಂಗೈ ಗೋಡೆಯ ಮೇಲೆ ತಾನಾಗಿ ತಟ್ಟುವುದನ್ನು ಕಂಡೆ. ಮೋಟಾರಿನ ಲಯಕ್ಕೆ ಸರಿಯಾಗಿ ತಟ್ಟುತ್ತಿತ್ತು. ಕಿವಿಗೆ ಬಾರದ್ದು ಮೈಗೆ ಬರುತ್ತದೆ ಎಂದಾಯಿತು. ಡಗ್ಗಾದ ದನಿಯನ್ನು ದಪ್ಪ ಮಾಡಿ ಅವಳು ಕೂರುವ ಹಲಗೆಗೆ ಮುಟ್ಟಿಸಿದರೆ ಸಾಕು ಎಂದುಕೊಂಡೆ.

ಮಠದ ಅಯ್ಯನವರು ಒಪ್ಪಿದರು. "ಆದ್ರ ಒಂದು ಮಾತು, ಅಡಿವೆಪ್ಪ. ಯಾರ ಬಾಗ್ಲಾನೂ ತೆರೀಬಾರದು. ಒಂದು ತೆರದ್ರೂ ಪೆಟ್ಟಿಗಿ ಹೊರಗ," ಎಂದರು. ಅಕ್ಕನೂ ಒಂದು ಮಾತು ಹೇಳಿದಳು. "ಶ್ರಾವಣದ ಕಡೀ ಸೋಮವಾರ ನಿನ್ನ ಸಲುವಾಗಿ ಬರ್ತೀನಿ. ಅವತ್ತೂ ಏನೂ ತಿಳೀಲಿಲ್ಲ ಅಂದ್ರ ಇನ್ನ ಮಠದ ಮೆಟ್ಲಾ ಹತ್ತೂದಿಲ್ಲ. ಮತ್ತ ಕರೀಬ್ಯಾಡ." ಮಾಳಕ್ಕ ಹೇಳಿದ ಮಾತು ಹಿಂದೆಗೆದುಕೊಳ್ಳುವವಳಲ್ಲ. ಕಡೆಯ ಸೋಮವಾರಕ್ಕೆ ಇನ್ನು ಎರಡೇ ದಿನವಿತ್ತು.

ಪೆಟ್ಟಿಗೆಯ ಬಾಯಿಗೆ ನಾಲ್ಕಿಂಚಿನ ಪೈಪು, ಉದ್ದ ಹದಿನಾಲ್ಕು ಇಂಚು ಎಂದು ಪೇಟೆಯ ಅಂಗಡಿಯವನು ಚೀಟಿ ಬರೆದುಕೊಟ್ಟಿದ್ದ. ನನ್ನ ಪೆಟ್ಟಿಗೆಯ ಆಳ ಹದಿನಾರೇ ಇಂಚು ಎಂದು ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ಪೈಪನ್ನು ಒಳಗೆ ತೂರಿಸಿದರೆ ಅದರ ಕೊನೆ ಹಿಂದಿನ ಹಲಗೆಗೆ ಮೂಗು ತಾಗಿಸುವಷ್ಟು ಹತ್ತಿರ ಕೂತಿತು. ಡಗ್ಗಾಕ್ಕೆ ಮೈಕು ಹಿಡಿದು ಒಂದು ಪೆಟ್ಟು ಕೊಟ್ಟೆ. ಫಸ್! ಸಿಟ್ಟಿಗೆದ್ದ ಹೋರಿಯ ಉಸಿರಿನ ಹಾಗೆ ಬರೀ ಗಾಳಿ ಬಂತು. ಒಳಗೆ ಸುತ್ತಲು ಜಾಗವಿಲ್ಲ ಎಂದು ಮೂರಿಂಚು ಕೊಯ್ದೆ.

ಈಗ ದನಿ ಬಂತು. ದನಿಯ ಹಿಂದೆಯೇ ಅನಸೂಯಾ ಟೀಚರೂ ಬಂದರು. ಒಂದು ಕೈಯಲ್ಲಿ ಹರಿದ ಕಾಗದದ ಕಂತೆ, ಇನ್ನೊಂದರಲ್ಲಿ ಒಂದು ಮೇಕೆಯ ಕಿವಿ.

"ಅಡಿವೆಪ್ಪಣ್ಣ, ನಾನು ಗಡಿಗೆಗೆ ಎರಡು ಸುತ್ತು ಬಟ್ಟೆ ಕಟ್ಟಿದ್ದೆ. ಗಾಳಿಯ ಮೇಲೆ ಹಾಕಬೇಡಿ, ಇದು ನಿಮ್ಮದೇ ಕೆಲಸ!"

"ತಪ್ಪಾತ್ರೀ ಟೀಚರ್. ಏನಾತು?"

"ಏನಾಯಿತಾ? ಬಾಗಿಲು ತೆರೆಯಿತು, ಮೇಕೆ ಬಂತು, ಏಳನೇ ಕ್ಲಾಸಿನ ಗಣಿತದ ಪೇಪರು ತಿಂತು. ದಡ್ಡರದು ತಿಂದಿದ್ದರೆ ಪುಣ್ಯ ಬರ್ತಿತ್ತು. ಜಾಣರದ್ದೇ ಆರಿಸಿ ತಿಂದಿದೆ!"

ಕೈಮುಗಿದು ಕಳಿಸಿದೆ. ಟೀಚರ ಗಡಿಗೆಯ ದನಿಯಿಂದ ತಪ್ಪಿಸಿಕೊಂಡರೆ ಸಾಕಿತ್ತು. ಪೈಪಿನಲ್ಲಿ ಇನ್ನೆರಡು ಇಂಚು ಕೊಯ್ದೆ. ಕೊಯ್ದದ್ದನ್ನು ಮತ್ತೆ ಅಂಟಿಸಲಾಗದು ಎಂದು ತಿಳಿದೂ ತಿಳಿದೂ ಕೈ ಯಾಕೆ ಕೊಯ್ಯುವುದಕ್ಕೇ ಹೋಗುತ್ತದೋ, ಶಿವನೇ ಬಲ್ಲ. ಅಕ್ಕನನ್ನು ಕರೆತಂದು ಒಂದು ಹಲಗೆಯ ಮೇಲೆ ಕೂರಿಸಿ, ಹಲಗೆಯ ಕೆಳಗೆ ಪೆಟ್ಟಿಗೆ ಸರಿಸಿದೆ.

"ನಿನ್ನ ಪೆಟ್ಟಿಗಿ ನಿನ್ನಂಗ ಐತಿ ನೋಡು," ಎಂದಳು ಅಕ್ಕ, ತನಗೇ ಕೇಳದ ದೊಡ್ಡ ದನಿಯಲ್ಲಿ. "ಬಾಯಿ ಇಷ್ಟಗಲ. ಒಳಗೇನಿಲ್ಲ."

ನಾನು ಡಗ್ಗಾ ಬಾರಿಸಿದೆ. ಅಕ್ಕನ ಮುಖದ ನಗೆ ಅರ್ಧಕ್ಕೆ ನಿಂತಿತು. ಮತ್ತೆ ಬಾರಿಸಿದೆ. ಅವಳ ಅಂಗೈ ಹಲಗೆಯ ಮೇಲೆ ಇಳಿಯಿತು. ನಾಲ್ಕನೆಯ ಪೆಟ್ಟು ಬಿದ್ದಾಗ ಬೆರಳು ಎದ್ದು ಬಿತ್ತು, ಸರಿಯಾಗಿ ತಾಳದ ಸಮದ ಮೇಲೆ. ಎರಡು ವರ್ಷದಲ್ಲಿ ಮೊದಲ ಸಲ. ನನ್ನ ಕಣ್ಣು ತುಂಬಿ ಬಂತು. ತುಂಬಿದ ಕಣ್ಣು ಒರೆಸಿಕೊಳ್ಳುವಷ್ಟು ಸಮಾಧಾನವಾದರೂ ನನ್ನ ಹಣೆಯಲ್ಲಿ ಬರೆದಿದ್ದರೆ! ಬೀದಿಯ ತುದಿಯಿಂದ ಕೂಗು ಬಂತು: "ಏ ಅಡಿವೆಪ್ಪಾ! ನಿನ್ನ ಪೆಟ್ಟಿಗಿಗೆ ಬೆಂಕಿ ಹಚ್ಚಲೋ, ನಿನಗ ಹಚ್ಚಲೋ?"

ಅದು ಗಾಣದ ಕೊಟ್ರಪ್ಪ. ನಮ್ಮ ಬೀದಿಯಲ್ಲೇ ಎಣ್ಣೆ ಮಾರುವವನು, ಭಜನೆಯಲ್ಲಿ ಎರಡನೆಯ ಸಾಲಿನಲ್ಲಿ ಕೂರುವವನು. ಬೈಯಬೇಕೆಂದರೆ ಮನೆತನಕ ಬಂದು ಬೈಯುವ ಮನುಷ್ಯ ಅಂದು ತನ್ನ ಹೊಸ್ತಿಲು ಬಿಟ್ಟು ಕದಲಲಿಲ್ಲ. ನಾನೇ ಓಡಿದೆ. ಕೊಟ್ರಪ್ಪ ಎರಡೂ ಕೈ ಅಗಲಿಸಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ. ಅವನು ಬೆನ್ನಿನಿಂದ ಬಾಗಿಲು ನೂಕಿ ಮುಚ್ಚುತ್ತಿದ್ದ, ಅದು ಮತ್ತೆ ತೆರೆಯುತ್ತಿತ್ತು. ನಾನು ಅವಸರದಲ್ಲಿ ಆಂಪ್ಲಿಫೈಯರ್ ಆರಿಸದೆ ಬಂದಿದ್ದೆ. ಅದರ ಗುಂಯ್ ಎಂಬ ಸದ್ದು ಪೆಟ್ಟಿಗೆಯ ಹೊಟ್ಟೆಗಿಳಿದು, ಇವನ ಮನೆಯ ದನಿಯಾಗಿ ಹೊರಬಂದು, ಬಿಡದೆ ಬಾಗಿಲು ತಟ್ಟುತ್ತಿತ್ತು.

"ಕೊಟ್ರಪ್ಪಣ್ಣ, ಈಗ ಹೋಗಿ ಆರಸ್ತೀನಿ..."

"ಆರಿಸೂದಲ್ಲ, ಒಡದು ಹಾಕು! ನಾ ಅಯ್ಯನವರ ಹತ್ರ ಹೋಗ್ತೀನಿ. ಪಂಚರನ್ನ ಕರಸ್ತೀನಿ. ಏನಂತ ತಿಳದೀ? ಮಾನವಂತರ ಮನಿ ಬಾಗ್ಲಾ..."

ಮಾತಿನ ಭರದಲ್ಲಿ ಅವನ ಒಂದು ಕೈ ಕೆಳಗಿಳಿಯಿತು. ಬಾಗಿಲು ಪೂರ್ತಿ ತೆರೆಯಿತು. ನಾನು ನೆಲ ನೋಡಬೇಕಿತ್ತು. ನೋಡಲಿಲ್ಲ. ಹೊಸ್ತಿಲಿನ ಎದುರು ಗೋಡೆಯ ಮೊಳೆಗೆ ಒಂದು ಜೊತೆ ಹಿತ್ತಾಳೆಯ ತಾಳ ತೂಗುತ್ತಿತ್ತು. ಹಸಿರು ದಾರದ ಹೆಣಿಗೆ, ತುದಿಯಲ್ಲಿ ಎರಡು ಗಂಟು. ಆ ಹೆಣಿಗೆ ಊರಿನಲ್ಲಿ ಮಾಳಕ್ಕನ ಹೊರತು ಇನ್ನೊಬ್ಬರಿಗೆ ಬರುವುದಿಲ್ಲ. ನಾನು ನೋಡಿದ್ದನ್ನು ಕೊಟ್ರಪ್ಪ ನೋಡಿದ. ಅವನ ಬೈಗುಳ ಅಲ್ಲಿಗೆ ನಿಂತಿತು. ಅಯ್ಯನವರ ಹತ್ತಿರ ಹೋಗುವ ಮಾತನ್ನೂ ಅವನು ಮತ್ತೆ ಎತ್ತಲಿಲ್ಲ.

ಮನೆಗೆ ಬಂದು ಮೊದಲು ಆಂಪ್ಲಿಫೈಯರ್ ಆರಿಸಿದೆ. ಆಮೇಲೆ ಪಾಟಿಯ ಮೇಲೆ ಬರೆದೆ: ನಿನ್ನ ತಾಳ ಕೊಟ್ರಪ್ಪನ ಮನಿಯಾಗ ಐತಿ.

ಅಕ್ಕ ಓದಿ ಅಂಗೈಯಿಂದ ಒರೆಸಿಬಿಟ್ಟಳು. "ಗೊತ್ತೈತಿ. ಬೀಗರೂರಿನ ಭಜನಿಗೆ ಅಂತ ಒಂದು ಸೋಮವಾರದ ಮಟ್ಟಿಗೆ ಒಯ್ದಿದ್ದ. ಅದರ ಮುಂದಿನ ವಾರನ ನನಗ ಜ್ವರ ಬಂತು. ಕಿವಿ ಇಲ್ಲದಾಕಿಗೆ ತಾಳ ಯಾಕ ಅಂದ್ಕೊಂಡಿರಬೇಕು."

ಕೇಳಿ ತರಲಾ ಎಂದು ಬರೆದೆ.

"ಕೇಳಬ್ಯಾಡ. ಕೇಳಿದ್ರ ಕೊಡ್ತಾನ, ಅದೇನ್ ದೊಡ್ಡದಲ್ಲ. ತಾನಾಗಿ ತಂದು ಕೊಡೂದು ಬ್ಯಾರೆ. ಅವ ತರೂ ತನಕ ನಾ ಕಾಯ್ತೀನಿ." ಪಾಟಿಯನ್ನು ನನ್ನ ಕಡೆ ಸರಿಸಿ ಅಂದಳು, "ಬಾರಿಸಾಕಂತೂ ಆಗೂದಿಲ್ಲ. ಕಾಯಾಕ ಕಿವಿ ಬೇಕಿಲ್ಲಲ್ಲ."

ನನ್ನ ಮನಸ್ಸು ಒಳ್ಳೆಯದಿರಲಿಲ್ಲ. ಇದ್ದುದನ್ನು ಇದ್ದ ಹಾಗೆ ಹೇಳುತ್ತೇನೆ. ಪೈಪು ಹೇಗೂ ಕೊಟ್ರಪ್ಪನ ಮನೆಯ ದನಿಗೆ ಕೂತಿದೆ. ಅಕ್ಕನ ಮೈಗೂ ಅದು ಮುಟ್ಟಿದೆ. ಅವನಂತೂ ದೂರು ಕೊಡುವುದಿಲ್ಲ. ಸೋಮವಾರ ಸಂಜೆ ಇದೇ ದನಿಯಲ್ಲಿ ಬಾರಿಸಿದರೆ ಮಠಕ್ಕೆ ಹೋಗುವ ದಾರಿಯಲ್ಲೇ ಇರುವ ಅವನ ಬಾಗಿಲು ಭಜನೆ ಮುಗಿಯುವ ತನಕ ತೆರೆದೇ ಇರುತ್ತದೆ. ನೆಲ ನೋಡುವವರು ನೋಡಲಿ, ಒಬ್ಬಿಬ್ಬರಾದರೂ ಎದುರುಗೋಡೆ ನೋಡುತ್ತಾರೆ. ಹೀಗೆಲ್ಲ ಲೆಕ್ಕ ಹಾಕುತ್ತ ಸಂಜೆಯ ವಿಭೂತಿ ಹಚ್ಚಿಕೊಳ್ಳಲು ಕೂತರೆ ಕೈ ಹಣೆಯತನಕ ಏಳಲಿಲ್ಲ. ಅಕ್ಕ ಎರಡು ವರ್ಷದಿಂದ ಕಾದದ್ದನ್ನು ನಾನು ಒಂದು ಪೈಪಿನಿಂದ ಕಿತ್ತು ತರುವುದೇ? ಅದೂ ಮಠದಲ್ಲಿ ಕೂತು? ಥೂ ಎಂದುಕೊಂಡು ಎದ್ದು, ಪೆಟ್ಟಿಗೆಯನ್ನು ತಳ್ಳುಗಾಡಿಯ ಮೇಲೆ ಹೇರಿ ಕುಂಬಾರ ದ್ಯಾಮವ್ವನ ಮನೆಗೆ ಹೊರಟೆ.

ನಮ್ಮೂರಿನ ಪ್ರತಿ ಮನೆಯ ಗಡಿಗೆಯೂ ದ್ಯಾಮವ್ವನ ತಿಗರಿಯ ಮೇಲೆ ತಿರುಗಿದ್ದು, ಇಲ್ಲವೇ ಅವಳ ಅತ್ತೆಯ ಕೈಯದು. ಎಲ್ಲ ಮನೆಯ ದನಿಯೂ ಅವಳಿಗೆ ಬಾಯಿಪಾಠ. ನನ್ನ ಪೆಟ್ಟಿಗೆಯನ್ನು ಸುತ್ತು ಬಂದು, ಹಿಂದಿನ ತೇಪೆ ನೋಡಿ, ಮುಂದಿನ ತೂತು ನೋಡಿ, ಸೆರಗು ಬಾಯಿಗೆ ಹಿಡಿದು ನಕ್ಕಳು.

"ಇದನ್ನ ಯಾರು ಮಾಡಿದ್ರೋ ತಮ್ಮಾ?"

"ನಾನ ಬೇ."

"ಅದಕ್ಕ ಕೇಳಿದೆ. ಬಾಯಿ ಅಂಚು ನೋಡು, ಕತ್ತಿ ಇದ್ದಂಗ ಐತಿ. ಗಾಳಿ ಕೊಯ್ಕೊಂಡು ಫಸ್ ಅನ್ನದ ಇನ್ನೇನು ಅಂದೀತು? ಗಡಿಗಿ ಅಂಚನ್ನ ನಾವು ಯಾಕ ಹೊರಳಸ್ತೀವಿ? ಚಂದಕ್ಕಲ್ಲ. ಅದಿರ್ಲಿ, ಕೊರಳು ಎಷ್ಟಿಟ್ಟೀ?"

"ಹದಿನಾಲ್ಕು ಇತ್ತು. ಈಗ ಒಂಬತ್ತು."

"ದನಿ ತಗ್ಗಬೇಕು ಅಂತ ಕೊರಳು ಕೊಯ್ದೀ?" ಅವಳು ಹಣೆ ಬಡಿದುಕೊಂಡಳು. "ಕೊರಳು ಮೋಟಾದ್ರ ದನಿ ಏರ್ತೈತಿ. ಉದ್ದಾದ್ರ ಇಳೀತೈತಿ. ಹೊಟ್ಟಿ ದೊಡ್ಡದಾದ್ರನೂ ಇಳೀತೈತಿ. ಇಷ್ಟೂ ತಿಳೀದ ಮೈಕ್‌ಸೆಟ್ಟು ನಡಸ್ತೀ?" ಪೆಟ್ಟಿಗೆಯ ಮಗ್ಗುಲಿಗೆ ಬೆರಳಿನಿಂದ ಟಕ್ ಎಂದು ಹೊಡೆದು ಕಿವಿ ಕೊಟ್ಟಳು. ಅವಳ ಹುಬ್ಬು ಗಂಟಾಯಿತು. "ಹೊಟ್ಟಿಯೊಳಗ ಏನಿಟ್ಟೀ?"

ಹೇಳಲು ನಾಚಿಕೆಯಾಯಿತು. ಹೊಟ್ಟೆಯಿರುವ ಯಾವುದನ್ನೂ ನಮ್ಮಲ್ಲಿ ಬರಿದಾಗಿ ಮುಚ್ಚುವುದಿಲ್ಲ. ಗಡಿಗೆಯಾಗಲಿ ಪೆಟಾರಿಯಾಗಲಿ, ದೇವರ ಹೆಸರಿನಲ್ಲಿ ಐದು ಕಾಳು ಹಾಕಿಯೇ ಮುಚ್ಚುವುದು. ಭಜನೆಯ ಪೆಟ್ಟಿಗೆ, ಅಕ್ಕನ ಕೆಲಸ, ಐದು ಕಾಳು ಏನು ಸಾಲುತ್ತದೆ ಎಂದು ನಾನು ಭಕ್ತಿಯಿಂದ ಐದು ಸೇರು ಜೋಳವನ್ನು ಚೀಲದಲ್ಲಿ ಕಟ್ಟಿ ಒಳಗಿಟ್ಟು ಮೊಳೆ ಹೊಡೆದಿದ್ದೆ. ಜೊತೆಗೆ ಒಂದು ತೆಂಗಿನಕಾಯಿ.

"ಅಯ್ಯ ಶಿವನ!" ಎಂದಳು ದ್ಯಾಮವ್ವ. "ಉಂಡು ಹೊಟ್ಟಿ ಬಿರಿದಂವಗ ಹಾಡು ಅಂದ್ರ ತೇಗ್ತಾನ, ಹಾಡ್ತಾನೇನು? ದೇವರು ನಿನಗ ಐದು ಸೇರು ಕೇಳಿದ್ನಾ?"

ಊರಿನ ಎಲ್ಲಕ್ಕಿಂತ ತಗ್ಗಿನ ದನಿ ಯಾವ ಮನೆಯದು ಎಂದು ಕೇಳಿದೆ. ಅವಳು ದಾನಿಗೌಡರ ಗಡಿಗೆಯ ದನಿಯನ್ನು ಗಂಟಲಲ್ಲಿ ಹೊರಡಿಸಿ ತೋರಿಸಿದಳು. "ಇದರ ಕೆಳಗ ನಾನೂ ಮಾಡಿಲ್ಲ, ನಮ್ಮತ್ತೀನೂ ಮಾಡಿಲ್ಲ. ಅಷ್ಟು ದೊಡ್ಡ ಹೊಟ್ಟಿ ಆವಿಗಿಯೊಳಗ ಒಡೀತೈತಿ. ಅಲ್ಲಿಗೆ ಇಳದಿ ಅಂದ್ರ ಅಲ್ಲಿ ಯಾರ ಮನೀನೂ ಇಲ್ಲ. ಆದ್ರ ಅಷ್ಟುದ್ದ ಕೊರಳು ನಿನ್ನ ಪೆಟ್ಟಿಗಿಯೊಳಗ ಹಿಡಿಯಾಕಿಲ್ಲ." ತುಸು ಯೋಚಿಸಿ, ತನ್ನ ಕೈಯನ್ನು ಮೊಣಕೈಯಲ್ಲಿ ಮಡಚಿ ತೋರಿಸಿದಳು. "ಹಿಂಗ ಮಣಿಸು. ಮಣಿದ್ರ ಹಿಡೀತೈತಿ. ಕಡೀಗೆ ಒಂದು ಗೇಣು ಜಾಗ ಬಿಡು, ಗ್ವಾಡಿಗೆ ಮೂಗು ಹಚ್ಚಬ್ಯಾಡ."

ಭಾನುವಾರ ನಾನು ಪಟ್ಟ ಪಾಡು ಯಾವ ಹಗೆಗೂ ಬೇಡ. ಭಕ್ತಿಯಿಂದ ಹೊಡೆದ ಮೊಳೆಗಳು ಭಕ್ತಿಯಿಂದಲೇ ಕೂತಿದ್ದವು, ಒಂದೂ ಏಳಲೊಲ್ಲದು. ಕೊನೆಗೆ ಹಲಗೆ ಎದ್ದಾಗ ಚೀಲ ಹರಿದು ಐದು ಸೇರು ಜೋಳ ಶೆಡ್ಡಿನ ತುಂಬ ಚೆಲ್ಲಿತು. ಊರಿನ ಗುಬ್ಬಿಗಳಿಗೆಲ್ಲ ಸುದ್ದಿ ಹೋಯಿತು. ಅವುಗಳನ್ನು ಓಡಿಸುವುದರಲ್ಲಿ ಅಳತೆ ತಪ್ಪಿ ಹೊಸ ಪೈಪನ್ನೂ ಒಂದಿಂಚು ಮೋಟು ಕೊಯ್ದೆ. ಇನ್ನೊಂದು ತಂದೆ. ನಡುವೆ ಮೊಣಕೈ ಆಕಾರದ ಬೆಂಡು ಹಾಕಿ ಅಂಟಿಸಿದರೆ ಅಂಟು ಒಣಗುವ ಮೊದಲೇ ಅದು ಕುರಿಯ ಕತ್ತಿನ ಹಾಗೆ ವಾಲಿತು. ಎತ್ತಿ ಹಿಡಿದು ಅರ್ಧ ಗಂಟೆ ಕೂತೆ, ಮೂಗಿನ ಮೇಲೆ ನೊಣ ಕೂತರೂ ಓಡಿಸಲು ಕೈ ಇಲ್ಲ. ಬಾಯಿಯ ಅಂಚನ್ನು ಕಾಯಿಸಿ, ಮರದ ದುಂಡಗಿನ ಅಚ್ಚಿಗೆ ಒತ್ತಿ, ಹೊರಕ್ಕೆ ಹೊರಳಿಸಿ, ಉಪ್ಪುಕಾಗದ ಹಾಕಿ ತಿಕ್ಕಿದೆ. ಸಾಕಾಯಿತಪ್ಪ ಶಿವನೇ, ನಿನ್ನ ಭಜನೆಗೆ ನೀನೇ ಪೆಟ್ಟಿಗೆ ಮಾಡಿಕೊ ಎಂದು ಬಾಯಿಬಿಟ್ಟೇ ಅಂದೆ. ಅಂದ ಮೇಲೆ ಗಲ್ಲ ಬಡಿದುಕೊಂಡು, ಒಳಗೆ ಎಣಿಸಿ ಐದು ಕಾಳು ಹಾಕಿ ಮುಚ್ಚಿದೆ.

ಸಂಜೆ ದ್ಯಾಮವ್ವನನ್ನು ಬೀದಿಯಲ್ಲಿ ನಿಲ್ಲಿಸಿ ಡಗ್ಗಾ ಬಾರಿಸಿದೆ. ದನಿ ಬಂತು ಎನ್ನುವುದಕ್ಕಿಂತ ನೆಲ ಒಮ್ಮೆ ಉಸಿರೆಳೆದುಕೊಂಡಿತು ಎನ್ನಬೇಕು. "ಒಂದೂ ತೆರೀಲಿಲ್ಲ!" ಎಂದು ಕೂಗಿದಳು ದ್ಯಾಮವ್ವ. ಅಕ್ಕನನ್ನು ಕೈಹಿಡಿದು ಎಬ್ಬಿಸಲು ಹೋದರೆ ಅವಳು ಬರಲಿಲ್ಲ. "ನಿನ್ನ ಸಲುವಾಗಿ ಒಮ್ಮೆ ಬಂದು ಕುಂತೀನಿ. ಇನ್ನ ಮಠದಾಗ ನೋಡ್ತೀನಿ," ಎಂದುಬಿಟ್ಟಳು. ಇಷ್ಟು ತಗ್ಗಿನ ದನಿ ಅವಳ ಮೈಗೆ ಮುಟ್ಟುತ್ತದೋ ಇಲ್ಲವೋ, ನೋಡುವ ದಾರಿಯೇ ಇರಲಿಲ್ಲ. ಮುಟ್ಟುತ್ತಿದ್ದ ದನಿಯನ್ನು ನಾನೇ ಕಳೆದಿದ್ದೆ.

ಸೋಮವಾರ ಹೊತ್ತು ಇಳಿಯುವಾಗ ಮಠದಲ್ಲಿ ಜನ ಸೇರಿದರು. ಪೆಟ್ಟಿಗೆಯ ಬಾಯಿ ಅಕ್ಕನ ಹಲಗೆಯ ಅಡಿಗೆ ಬರುವಂತೆ ಇಟ್ಟೆ, ಗೋಡೆಯಿಂದ ಒಂದು ಗೇಣು ಬಿಟ್ಟು. ಅಯ್ಯನವರು ತಾವೇ ಬಂದು ಡಗ್ಗಾದ ಮೇಲಿನ ಟವೆಲು ತೆಗೆದರು. ಎರಡನೆಯ ಸಾಲಿನಲ್ಲಿ ಕೊಟ್ರಪ್ಪನ ಜಾಗ ಖಾಲಿಯಿತ್ತು. ಬರುವಾಗ ನೋಡಿದ್ದೆ, ಅವನು ತನ್ನ ಬಾಗಿಲಿಗೆ ಹೊರಗಿನಿಂದ ಬೆನ್ನು ಕೊಟ್ಟು, ಕಾಲು ನೆಲಕ್ಕೆ ಊರಿ, ಮಳೆಗೆ ಕಾದವನ ಹಾಗೆ ಕೂತಿದ್ದ.

ಮೊದಲ ಪದ ಶುರುವಾಯಿತು. ಬಾಗಿಲಲ್ಲಿ ನಿಂತ ದ್ಯಾಮವ್ವ ಬೀದಿಯನ್ನು ಅತ್ತಿಂದಿತ್ತ ನೋಡಿ ನನ್ನ ಕಡೆ ತಲೆಯಾಡಿಸಿದಳು. ಯಾವ ಬಾಗಿಲೂ ತೆರೆದಿರಲಿಲ್ಲ. ಅಕ್ಕ ಮಾತ್ರ ಕಲ್ಲಿನ ಹಾಗೆ ಕೂತಿದ್ದಳು. ಮೊದಲ ಪದ ಮುಗಿಯಿತು. ಎರಡನೆಯದು ಅರ್ಧವಾಯಿತು. ಅನಸೂಯಾ ಟೀಚರು ನನ್ನ ಮುಖ ನೋಡಿ ಪಾಪ ಎಂಬಂತೆ ಕಣ್ಣು ತಗ್ಗಿಸಿದರು.

ಆಗ ಅಕ್ಕ ಕಣ್ಣು ಮುಚ್ಚಿದಳು. ಕಾಲಿನ ಹೆಬ್ಬೆರಳು ಮೊದಲು ಆಡಿತು, ಆಮೇಲೆ ಮಂಡಿ. ಅವಳ ಎರಡೂ ಕೈಗಳು ಮಡಿಲಿನಿಂದ ಮೆಲ್ಲಗೆ ಎದ್ದವು. ಬೆರಳುಗಳು ದಾರ ಹಿಡಿದಂತೆ ಮಡಚಿಕೊಂಡವು. ಏನೂ ಇಲ್ಲದ ಒಂದು ಕೈ ಏನೂ ಇಲ್ಲದ ಇನ್ನೊಂದು ಕೈಯ ಮೇಲೆ ಇಳಿಯಿತು, ಎದ್ದಿತು, ಇಳಿಯಿತು. ಸದ್ದಿಲ್ಲ. ಆದರೆ ಹಾಡುತ್ತಿದ್ದವರೆಲ್ಲ ಅವಳ ಕೈ ನೋಡಿ ಹಾಡತೊಡಗಿದರು. ಓಡುತ್ತಿದ್ದ ಹಾಡು ನಿಂತು, ಉಸಿರು ತೆಗೆದುಕೊಂಡು, ಅವಳ ನಡಿಗೆಗೆ ಬಂತು.

ಮೂರನೆಯ ಪದದ ನಡುವೆ ಕೊಟ್ರಪ್ಪ ಹೊಸ್ತಿಲಲ್ಲಿ ಕಾಣಿಸಿಕೊಂಡ. ಇಷ್ಟು ಹೊತ್ತು ಕಾದರೂ ತನ್ನ ಬಾಗಿಲು ಯಾಕೆ ತೆರೆಯಲಿಲ್ಲ ಎಂದು ನೋಡಲು ಬಂದವನ ಮುಖ ಅದು. ಅವನ ಕಣ್ಣು ಪೆಟ್ಟಿಗೆಯ ಮೇಲೆ ಹೋಯಿತು, ಅಲ್ಲಿಂದ ಅಕ್ಕನ ಬರಿಗೈಗಳ ಮೇಲೆ ಹೋಗಿ ಅಲ್ಲೇ ನಿಂತಿತು. ಆಮೇಲೆ ನನ್ನನ್ನು ನೋಡಿದ. ಶನಿವಾರ ನೋಡಬೇಕಾಗಿದ್ದ ನೆಲವನ್ನು ನಾನು ಈಗ ನೋಡಿದೆ. ತಲೆ ಎತ್ತುವಷ್ಟರಲ್ಲಿ ಅವನು ಅಲ್ಲಿರಲಿಲ್ಲ.

ಪದ ಮುಗಿದು ಮುಂದಿನದು ಶುರುವಾಗುವ ಮೊದಲಿನ ಆ ಒಂದು ಗಳಿಗೆಯ ಮೌನದಲ್ಲಿ ಬೀದಿಯ ತುದಿಯಿಂದ ಒಂದು ಗಡಿಗೆ ಹೂಂ ಎಂದಿತು. ಗಾಳಿ ಊದಿದ ದನಿಯಲ್ಲ, ಮನುಷ್ಯ ಬಾಯಿಟ್ಟು, ನಿಧಾನವಾಗಿ, ಉಸಿರು ತೀರುವ ತನಕ ಊದಿದ ದನಿ. ದ್ಯಾಮವ್ವ ಗುರುತು ಹಿಡಿದು ನನ್ನ ಕಡೆ ನೋಡಿದಳು.

ನಾಲ್ಕನೆಯ ಪದ ಮುಗಿಯುತ್ತ ಬಂದಾಗ ಕೊಟ್ರಪ್ಪ ಹೆಗಲ ವಲ್ಲಿಯಲ್ಲಿ ಏನನ್ನೋ ಸುತ್ತಿಕೊಂಡು, ಸಾಲುಗಳ ನಡುವೆ ಬಗ್ಗಿ ಬಗ್ಗಿ ಬಂದ. ಅಕ್ಕನ ಮುಂದೆ ಮಂಡಿಯೂರಿ ವಲ್ಲಿ ಬಿಚ್ಚಿದ. ಹಿತ್ತಾಳೆಗೆ ಹುಣಸೆಹಣ್ಣು ಹಚ್ಚಿ ಈಗಷ್ಟೇ ತಿಕ್ಕಿದ್ದ ಹಸಿ ವಾಸನೆ ಬಂತು. ಅವಳ ಬರಿಗೈಗಳು ಒಂದನ್ನೊಂದು ಬಿಟ್ಟು ಮೇಲೇಳುವ ತನಕ ಕಾದು, ಹಸಿರು ದಾರಗಳನ್ನು ಒಂದೊಂದಾಗಿ ಅವಳ ಬೆರಳಿಗೆ ಸಿಕ್ಕಿಸಿ, ಹಿಂದೆ ಸರಿದು ಕೂತ.